ಮುಂಗೈ ಕಲ್ಲಾಗುತ್ತದೆ, ಏನು ಮಾಡಲಿ?

ಮಳೆ ಹಿಂದೆ ಸರಿದು ಘಟ್ಟದ ಮಣ್ಣು ದಾರಿಗಳು ಒಣಗಿದವು ಅಂದರೆ ನನ್ನ ಕ್ಲಿನಿಕ್ಕಿಗೆ ಬರುವ ನೋವುಗಳೂ ಬದಲಾಗುತ್ತವೆ. ಅಡಿಕೆ ಕೊಯ್ಲಿನ ಸೊಂಟನೋವು ಒಂದು ಕಡೆ, ಭಾನುವಾರ ಬೈಕ್ ತಗೊಂಡು ಗುಡ್ಡ ಹತ್ತಿದವರ ಕೈನೋವು ಇನ್ನೊಂದು ಕಡೆ. ಈ ತಿಂಗಳ ಪತ್ರಗಳಲ್ಲೂ ಅರ್ಧಕ್ಕಿಂತ ಜಾಸ್ತಿ ಬೈಕಿನವರದೇ. ನಾನು ಶಿರಸಿಯಲ್ಲಿ ಫಿಸಿಯೋಥೆರಪಿಸ್ಟ್, ರಜೆ ಸಿಕ್ಕಾಗ ನಾನೂ ಮಣ್ಣು ರಸ್ತೆಗೆ ಬೈಕ್ ಇಳಿಸುವವಳು. ಹಾಗಾಗಿ ಈ ಸಲದ ಪುಟ ಪೂರ್ತಿ ಅವರಿಗೇ ಕೊಟ್ಟಿದ್ದೇನೆ.

ಪ್ರಶ್ನೆ: ಅಕ್ಕ, ನನಗೆ 24 ವರ್ಷ. ತಪ್ಪದೆ ಜಿಮ್‌ಗೆ ಹೋಗುತ್ತೇನೆ. ಎಕ್ಸ್‌ಪಲ್ಸ್ ಬೈಕ್ ಇದೆ. ದೇವಿಮನೆ ಘಟ್ಟದ ಕಡೆಯ ಮಣ್ಣು ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿದರೆ ಸಾಕು, ಮುಂಗೈ ಕಲ್ಲಾಗುತ್ತದೆ. ಬೆರಳು ಕ್ಲಚ್ ಹಿಡಿಯುವುದೇ ಇಲ್ಲ. ನನ್ನ ಜೊತೆ ಬರುವ ಸಣಕಲ ಗೆಳೆಯನಿಗೆ ಏನೂ ಆಗುವುದಿಲ್ಲ. ಮುಂಗೈಗೆ ಇನ್ನೂ ಯಾವ ಎಕ್ಸರ್‌ಸೈಜ್ ಸೇರಿಸಲಿ? (ಓದುಗ, ಶಿರಸಿ)

ಉತ್ತರ: ತಮ್ಮಾ, ಮುಂಗೈಗೆ ಸದ್ಯಕ್ಕೆ ಏನೂ ಸೇರಿಸಬೇಡ. ಬೈಕಿನವರು ಇದನ್ನು ಆರ್ಮ್ ಪಂಪ್ ಅನ್ನುತ್ತಾರೆ. ಮುಂಗೈಯ ಸ್ನಾಯುಗಳ ಸುತ್ತ ಒಂದು ಗಟ್ಟಿ ಪೊರೆ ಇದೆ. ಅದು ಹೆಚ್ಚು ಹಿಗ್ಗುವುದಿಲ್ಲ. ಹ್ಯಾಂಡಲನ್ನು ಬಿಡದೆ ಬಿಗಿ ಹಿಡಿದಾಗ ಸ್ನಾಯುವಿಗೆ ರಕ್ತ ನುಗ್ಗುತ್ತದೆ, ಸ್ನಾಯು ಊದುತ್ತದೆ. ಊದಿದ್ದಕ್ಕೆ ಒಳಗೆ ಜಾಗ ಇಲ್ಲ. ಒತ್ತಡ ಏರಿದಾಗ ರಕ್ತ ವಾಪಸ್ ಹೋಗುವ ತೆಳು ನಾಳಗಳು ಮೊದಲು ಅಮುಕಿಕೊಳ್ಳುತ್ತವೆ. ಬರುವ ರಕ್ತ ಬರುತ್ತಲೇ ಇರುತ್ತದೆ, ಹೋಗುವುದಕ್ಕೆ ದಾರಿ ಇಲ್ಲ. ಕೈ ಕಲ್ಲಾಗುವುದು ಹೀಗೆ. ಜಿಮ್‌ನಲ್ಲಿ ಮುಂಗೈ ದಪ್ಪ ಮಾಡಿಕೊಂಡವರಿಗೆ ಆ ಜಾಗ ಮೊದಲೇ ತುಂಬಿರುತ್ತದೆ ಅಲ್ವಾ?

ನಿನ್ನ ಸಣಕಲ ಗೆಳೆಯ ಬೈಕನ್ನು ಬಹುಶಃ ಕಾಲಿನಿಂದ ಹಿಡಿಯುತ್ತಿದ್ದಾನೆ. ತೋಟದಲ್ಲಿ ಅಡಿಕೆ ಕೊಯ್ಯುವ ಕೊನೆಗೌಡ ಮರ ಹತ್ತುವುದನ್ನು ನೋಡು. ಮೈಭಾರ ಪೂರ್ತಿ ಪಾದಕ್ಕೆ ಹಾಕಿದ ತಳೆಯ ಮೇಲೆ. ಕೈ ಮರವನ್ನು ತಬ್ಬಿಕೊಂಡಿರುತ್ತದೆ ಅಷ್ಟೆ, ಹಿಂಡುವುದಿಲ್ಲ. ಹಿಂಡಿದ್ದರೆ ಒಂದು ಮರದಿಂದ ಇನ್ನೊಂದಕ್ಕೆ ತೂಗಿ ದಾಟುವ ಹೊತ್ತಿಗೆ ಅವನ ಕೈ ಸೋತಿರುತ್ತಿತ್ತು.

ಮೊದಲು ಒಂದು ಪರೀಕ್ಷೆ ಮಾಡು. ಖಾಲಿ ಮೈದಾನದಲ್ಲಿ ನಿಧಾನಕ್ಕೆ ಓಡಿಸುತ್ತಾ ಫುಟ್‌ರೆಸ್ಟ್ ಮೇಲೆ ಎದ್ದು ನಿಲ್ಲು. ಈಗ ಹ್ಯಾಂಡಲ್ ಬಿಡದೆ ಹತ್ತೂ ಬೆರಳನ್ನು ಅದರ ಮೇಲೆ ಕುಣಿಸು. ಕುಣಿಸಲು ಆಗದೆ ಮುಂದಕ್ಕೆ ಮುಗ್ಗರಿಸಿದಂತೆ ಆದರೆ ನಿನ್ನ ಭಾರ ಕೈ ಮೇಲಿದೆ. ಅದನ್ನು ಕಾಲಿಗೆ ಇಳಿಸಬೇಕು. ಪಾದದ ನಡುಭಾಗ ಫುಟ್‌ರೆಸ್ಟ್ ಮೇಲಿರಲಿ. ಮೊಣಕಾಲು ಸ್ವಲ್ಪ ಮಡಚಿ ಎರಡೂ ಕಡೆಯಿಂದ ಟ್ಯಾಂಕನ್ನು ಒತ್ತಿರಲಿ. ಸೊಂಟದ ಕೀಲಿನಿಂದ ಬಾಗು, ಬೆನ್ನಿನಿಂದ ಅಲ್ಲ. ಕುಂಡೆ ಹಿಂದೆ, ಎದೆ ಮುಂದೆ, ಮೊಣಕೈ ಹೊರಗೆ. ಈ ನಿಲುವಿನಲ್ಲಿ ಕೈ ಎರಡೂ ಬಿಟ್ಟರೂ ನೀನು ಮುಂದೆ ಬೀಳಬಾರದು.

ಸೊಂಟದಿಂದ ಬಾಗುವುದು ಹೇಗೆ ಅಂತ ತಿಳಿಯದಿದ್ದರೆ ಗೋಡೆಗೆ ಬೆನ್ನು ಮಾಡಿ ಒಂದು ಅಡಿ ದೂರ ನಿಲ್ಲು. ಬೆನ್ನು ನೇರ ಇಟ್ಟುಕೊಂಡೇ ಕುಂಡೆಯನ್ನು ಹಿಂದೆ ತಳ್ಳಿ ಗೋಡೆ ಮುಟ್ಟು, ಮತ್ತೆ ನೆಟ್ಟಗಾಗು. ತೊಡೆಯ ಹಿಂಭಾಗ ಎಳೆದಂತೆ ಆದರೆ ಸರಿಯಾಗಿ ಮಾಡುತ್ತಿದ್ದೀ. 15 ಸಲ, ಮೂರು ಸುತ್ತು. ನಂತರ ಗೋಡೆಗೆ ಒರಗಿ ಕುರ್ಚಿಯಲ್ಲಿ ಕೂತ ಹಾಗೆ ಕೂರು, ಮೊಣಕಾಲುಗಳ ನಡುವೆ ಮಗುವಿನ ರಬ್ಬರ್ ಚೆಂಡು ಇಟ್ಟು ಒತ್ತಿ ಹಿಡಿ. 30 ಸೆಕೆಂಡಿನಿಂದ ಶುರು ಮಾಡಿ ಒಂದೂವರೆ ನಿಮಿಷಕ್ಕೆ ಏರಿಸು. ಟ್ಯಾಂಕ್ ಹಿಡಿಯುವ ಒಳತೊಡೆ ಬೆಳೆಯುವುದು ಇದರಲ್ಲೇ. ಜಿಮ್‌ಗೆ ಹೇಗೂ ಹೋಗುತ್ತೀಯಲ್ಲ, ಬೈಸೆಪ್ಸ್ ದಿನ ಒಂದನ್ನು ಕಿತ್ತು ಹಾಕಿ ಅಲ್ಲಿ ಸ್ಕ್ವಾಟ್, ಡೆಡ್‌ಲಿಫ್ಟ್, ರೋಯಿಂಗ್ ಇಡು. ಹಿಡಿತಕ್ಕೆ ಏನಾದರೂ ಬೇಕೇಬೇಕು ಅಂದರೆ ಸುಮ್ನೆ ಕಂಬಿಗೆ ಜೋತುಬೀಳು, ಸಾಕು.

ಬೈಕಿನ ಕಡೆಯೂ ನೋಡು. ಶೋರೂಮಿನಿಂದ ಬಂದ ಬೈಕಿನಲ್ಲಿ ಕ್ಲಚ್ ಮತ್ತು ಬ್ರೇಕ್ ಲಿವರ್ ಕೂತು ಓಡಿಸುವವರಿಗೆ ಹೊಂದಿಸಿರುತ್ತಾರೆ. ನಿಂತಾಗ ಮಣಿಕಟ್ಟು ಮೇಲಕ್ಕೆ ಸೊಟ್ಟಗಾಗುತ್ತದೆ. ಸ್ಪ್ಯಾನರ್ ಹಿಡಿದು ಲಿವರನ್ನು ಸ್ವಲ್ಪ ಕೆಳಗೆ ತಿರುಗಿಸು, ನಿಂತಾಗ ಮುಂಗೈ, ಮಣಿಕಟ್ಟು, ಬೆರಳು ಒಂದೇ ಗೆರೆಯಲ್ಲಿ ಬರಬೇಕು. ಲಿವರ್ ಮೇಲೆ ಒಂದೋ ಎರಡೋ ಬೆರಳು ಸಾಕು, ಉಳಿದವು ಹ್ಯಾಂಡಲ್ ಮೇಲಿರಲಿ. ಮೊದಲ ಹತ್ತು ನಿಮಿಷ ನಿಧಾನಕ್ಕೆ ಓಡಿಸು. ತಣ್ಣಗಿರುವ ಕೈಯನ್ನು ಒಮ್ಮೆಲೇ ಹೊಂಡದ ರಸ್ತೆಗೆ ಇಳಿಸಿದವರಿಗೆ ಈ ಕಾಟ ಬೇಗ ಬರುತ್ತದೆ.

ಬೈಕ್ ನಿಲ್ಲಿಸಿದ ಮೇಲೂ ಗಂಟೆಗಟ್ಟಲೆ ನೋವು ಇಳಿಯದಿದ್ದರೆ, ಬೆರಳು ಜೋಮು ಹಿಡಿದೇ ಉಳಿದರೆ ಮೂಳೆ ಡಾಕ್ಟರಿಗೆ ತೋರಿಸು. ಕೆಲವರಿಗೆ ಆ ಪೊರೆಯನ್ನೇ ಸೀಳಿ ಒತ್ತಡ ಇಳಿಸಬೇಕಾಗುತ್ತದೆ. ಮೋಟೋಜಿಪಿ ಬೈಕ್ ರೇಸಿನ ಸವಾರ ಡಾನಿ ಪೆಡ್ರೋಸಾ 2015ರಲ್ಲಿ ಇದಕ್ಕೇ ಆಪರೇಷನ್ ಮಾಡಿಸಿಕೊಂಡಿದ್ದರು. ಭಾನುವಾರ ಓಡಿಸುವ ನಮ್ಮಂಥವರಲ್ಲಿ ಹೆಚ್ಚಿನವರಿಗೆ ಸ್ಪ್ಯಾನರ್ ಮತ್ತು ತೊಡೆ ಸಾಕು.

ಪ್ರಶ್ನೆ: ನನಗೆ 53 ವರ್ಷ, ಅಡಿಕೆ ತೋಟ ಇದೆ. ಬಿಪಿಗೆ ಮಾತ್ರೆ ತಗೊಳ್ಳುತ್ತೇನೆ. ಮಗ ಹಿಮಾಲಯನ್ ಬೈಕ್ ತಂದು ಬೆಂಗಳೂರಿಗೆ ಹೋದ. ಬೈಕ್ ಮನೆಯಲ್ಲೇ ಇದೆ, ನನಗೂ ಆಸೆ ಹುಟ್ಟಿದೆ. ದಿನಾ ತೋಟದಲ್ಲಿ ದುಡಿಯುವವನಿಗೆ ಬೇರೆ ವ್ಯಾಯಾಮ ಬೇಕೇ? (ಓದುಗರು, ಯಲ್ಲಾಪುರ)

ಉತ್ತರ: ಅಣ್ಣ, ಆಸೆ ಪಟ್ಟಿದ್ದು ಒಳ್ಳೆಯದಾಯಿತು. ಆದರೆ ಒಂದು ಮಾತು ಕೇಳಲೇ? ತೋಟಕ್ಕೆ ನಡೆದು ಹೋಗುತ್ತೀರೋ, ಸ್ಕೂಟರಿನಲ್ಲೋ? ಔಷಧಿ ಹೊಡೆಯುವುದು, ಕೊನೆ ಕೊಯ್ಯುವುದು, ಗೊಬ್ಬರ ಹೊರುವುದು ನೀವೋ, ಆಳುಗಳೋ? ನಾನು ನೋಡುವ ತೋಟದ ಯಜಮಾನರಲ್ಲಿ ಹೆಚ್ಚಿನವರು ಈಗ ದುಡಿಸುವವರು. ನೀವು ನಿಜವಾಗಿ ದುಡಿಯುವವರಾದರೆ ಅರ್ಧ ಕೆಲಸ ಆಗಿದೆ.

ಮೊದಲು ಡಾಕ್ಟರು. ಮಣ್ಣು ರಸ್ತೆಯಲ್ಲಿ ಬೈಕ್ ಓಡಿಸುವುದು ಕೂತು ಮಾಡುವ ಕೆಲಸದ ಹಾಗೆ ಕಾಣುತ್ತದೆ, ಹೃದಯಕ್ಕೆ ಹಾಗಿಲ್ಲ. ಮೋಟೋಕ್ರಾಸ್ ಅನ್ನುವ ಮಣ್ಣು ಟ್ರ್ಯಾಕಿನ ರೇಸಿನಲ್ಲಿ ಸವಾರರ ಎದೆಬಡಿತ ಅವರ ಗರಿಷ್ಠ ಮಿತಿಯ 90 ಪರ್ಸೆಂಟ್ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ನೀವು ರೇಸಿಗೆ ಹೋಗುವುದಿಲ್ಲ ನಿಜ. ಆದರೆ ಹಳೆಯ 411 ಸಿಸಿ ಹಿಮಾಲಯನ್ನಿನ ತೂಕ 199 ಕಿಲೋ, ಹೊಸ 450 ಸಿಸಿಯದು 196 ಕಿಲೋ. ಕೆಸರಿನಲ್ಲಿ ಸಿಕ್ಕಿಕೊಂಡ ಅದನ್ನು ನೂಕುವಾಗ ಎದೆ ರೇಸಿನವರ ಹಾಗೇ ಹೊಡೆದುಕೊಳ್ಳುತ್ತದೆ. ಅದಕ್ಕೇ ಇಸಿಜಿ ಮಾಡಿಸಿ. ಟ್ರೆಡ್‌ಮಿಲ್ ಟೆಸ್ಟ್ ಬೇಕೇ ಅಂತಲೂ ಕೇಳಿ.

ಎದೆಬಡಿತ ಲೆಕ್ಕ ಹಾಕುವವರು 220ರಿಂದ ವಯಸ್ಸು ಕಳೆಯುತ್ತಾರೆ. ನಿಮಗೆ 167 ಬರುತ್ತದೆ. ಇದೇ ಒಂದು ಅಂದಾಜು. ಅದರ ಮೇಲೆ ನಿಮ್ಮ ಬಿಪಿ ಮಾತ್ರೆ ಅಟೆನೊಲಾಲ್, ಮೆಟೊಪ್ರೊಲಾಲ್ ಥರದ್ದಾದರೆ ಈ ಲೆಕ್ಕ ಪೂರ್ತಿ ಕೆಡುತ್ತದೆ, ಯಾಕೆಂದರೆ ಆ ಮಾತ್ರೆಯೇ ಎದೆಬಡಿತವನ್ನು ತಡೆದು ಇಡುತ್ತದೆ. ಕೈಗೆ ಕಟ್ಟಿದ ವಾಚ್ ನೋಡಿ ಇನ್ನೂ ಆಗುತ್ತದೆ ಅಂದುಕೊಳ್ಳಬೇಡಿ. ಮಾತನ್ನೇ ಅಳತೆ ಮಾಡಿಕೊಳ್ಳಿ. ಏರು ಹತ್ತುವಾಗ ಜೊತೆಯವರ ಹತ್ತಿರ ಒಂದು ಪೂರ್ತಿ ವಾಕ್ಯ ಆಡಲು ಆದರೆ ಸರಿ, ಎರಡು ಶಬ್ದಕ್ಕೇ ಉಸಿರು ಸಿಕ್ಕಿಕೊಂಡರೆ ಜಾಸ್ತಿಯಾಯಿತು. ಮಾತ್ರೆಯನ್ನು ಮಾತ್ರ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ.

ವಾರಕ್ಕೆ ಮೂರು ದಿನ ಸೊಪ್ಪಿನ ಬೆಟ್ಟದ ಏರನ್ನು ಅರ್ಧ ಗಂಟೆ ಬಿರುಸಾಗಿ ಹತ್ತಿಳಿಯಿರಿ. ಎರಡು ದಿನ ಮನೆಯ ಜಗುಲಿ ಮೆಟ್ಟಿಲನ್ನು ಒಂದೊಂದೇ ಕಾಲಲ್ಲಿ ಹತ್ತಿ ಇಳಿಯಿರಿ, ಕಾಲಿಗೆ 12 ಸಲದಂತೆ ಮೂರು ಸುತ್ತು. ಹಲ್ಲುಜ್ಜುವಾಗ ಒಂದೇ ಕಾಲಲ್ಲಿ ನಿಲ್ಲಿ. ವಯಸ್ಸಾದಂತೆ ಮೈಯ ಸಮತೋಲ ಕಡಿಮೆಯಾಗುತ್ತದೆ, ಬೈಕಿನಲ್ಲಿ ಬೇಕಾದ್ದೇ ಅದು. ಎರಡು ತಿಂಗಳು ಹೀಗೆ ಮಾಡಿ ಆಮೇಲೆ ಮಣ್ಣಿಗೆ ಇಳಿಯಿರಿ, ಒಬ್ಬರೇ ಅಲ್ಲ. ಎದೆ ಹಿಂಡಿದಂತಾದರೆ, ನೋವು ದವಡೆಗೋ ಎಡಗೈಗೋ ಹರಿದರೆ, ಬೆವರಿ ತಲೆ ತಿರುಗಿದರೆ ಅಲ್ಲೇ ನಿಲ್ಲಿಸಿ. ಮನೆ ಇನ್ನು ಐದೇ ಕಿಲೋಮೀಟರ್ ಅಂತ ಓಡಿಸಿಕೊಂಡು ಬರುವ ಸಾಹಸ ಬೇಡ.

ಇನ್ನೊಂದು. ಅಣಶಿ ಕಡೆ ಹೋಗುವುದಾದರೆ ಅದು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಡಾಂಬರು ಬಿಟ್ಟು ಕಾಡಿಗೆ ಬೈಕ್ ಇಳಿಸುವಂತಿಲ್ಲ.

ಪ್ರಶ್ನೆ: ಅಕ್ಕಾ, ನಾನು ಬ್ಯಾಂಕ್ ಉದ್ಯೋಗಿ, ಎತ್ತರ ಐದು ಅಡಿ. ಬೈಕ್ ಚೆನ್ನಾಗಿಯೇ ಓಡಿಸುತ್ತೇನೆ. ಆದರೆ ಬಿದ್ದರೆ ಎತ್ತಲು ಆಗುವುದಿಲ್ಲ. ಜೊತೆಯ ಹುಡುಗರು ಬಂದು ಎತ್ತಿ ನಗುತ್ತಾರೆ. ಎಷ್ಟು ಶಕ್ತಿ ಬೆಳೆಸಿಕೊಳ್ಳಬೇಕು? (ಓದುಗಿ, ಕಾರವಾರ)

ಉತ್ತರ: ತಂಗಿ, ಆ ಹುಡುಗರು ಎತ್ತುವ ರೀತಿ ನೋಡಿದ್ದೇನೆ. ಹ್ಯಾಂಡಲ್ ಹಿಡಿದು, ಬೆನ್ನು ಬಿಲ್ಲು ಮಾಡಿ, ಹಲ್ಲು ಕಚ್ಚಿ ಎಳೆಯುತ್ತಾರೆ. ಅವರಲ್ಲಿ ಕೆಲವರು ಸೋಮವಾರ ನನ್ನ ಮುಂದೆ ಕೂತಿರುತ್ತಾರೆ. ನಗು ಯಾರಿಗೆ ಬರಬೇಕು ಹೇಳು.

ಎಕ್ಸ್‌ಪಲ್ಸ್‌ನಂಥ ಬೈಕಿನ ತೂಕ 158 ಕಿಲೋ ಆಸುಪಾಸು. ಅಷ್ಟನ್ನೂ ನೀನು ಎತ್ತಬೇಕಾಗಿಲ್ಲ. ಚಕ್ರಗಳು ನೆಲದಲ್ಲೇ ಇರುತ್ತವೆ, ನೀನು ಅದನ್ನು ಉರುಳಿಸಿ ನಿಲ್ಲಿಸುವುದು ಅಷ್ಟೆ. ಮೊದಲು ಕೀ ಆಫ್ ಮಾಡು. ಪೆಟ್ರೋಲ್ ಸೋರುತ್ತಿದೆಯೇ ನೋಡು. ಬೈಕ್ ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ಮೇಲುಗಡೆ ಇರುತ್ತದೆ, ಈಗಲೇ ಅದನ್ನು ತೆಗೆದಿಡು. ಗೇರ್‌ನಲ್ಲಿ ಇರಲಿ, ಆಗ ಹಿಂದಿನ ಚಕ್ರ ಉರುಳುವುದಿಲ್ಲ. ಹ್ಯಾಂಡಲನ್ನು ಬಿದ್ದ ಬದಿಗೆ ಪೂರ್ತಿ ತಿರುಗಿಸು.

ಈಗ ಬೈಕಿಗೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂರು. ಸೀಟಿನ ಅಂಚು ನಿನ್ನ ಕುಂಡೆಯ ಮೇಲ್ಭಾಗಕ್ಕೆ ತಾಗಬೇಕು, ಬೆನ್ನಿಗಲ್ಲ. ಒಂದು ಕೈಯಲ್ಲಿ ನೆಲದ ಕಡೆಗಿರುವ ಹ್ಯಾಂಡಲ್ ಹಿಡಿ, ಇನ್ನೊಂದರಲ್ಲಿ ಸೀಟಿನ ಹಿಂದಿನ ಕಂಬಿ. ತೋಳು ನೆಟ್ಟಗಿರಲಿ. ಅವು ಕೊಕ್ಕೆ ಮಾತ್ರ, ಎಳೆಯುವುದಕ್ಕಲ್ಲ. ಎದೆ ಎತ್ತಿ ಕಾಲಿನಿಂದ ನೆಲ ಒತ್ತುತ್ತಾ ಸಣ್ಣ ಸಣ್ಣ ಹೆಜ್ಜೆ ಹಿಂದಕ್ಕೆ ಇಡು. ಬೈಕ್ ನಿನ್ನ ಜೊತೆ ಏಳುತ್ತದೆ. ಕೊನೆಯ ಕಾಲು ಭಾಗದಲ್ಲಿ ಒಮ್ಮೆಲೇ ಹಗುರ ಆಗುತ್ತದೆ, ಅಲ್ಲಿ ಜೋರು ಮಾಡಿದರೆ ಆಚೆ ಕಡೆ ಬೀಳುತ್ತದೆ. ಎಡಕ್ಕೆ ಬಿದ್ದ ಬೈಕಿನಲ್ಲಿ ಇದು ಜಾಸ್ತಿ, ಸ್ಟ್ಯಾಂಡ್ ತೆಗೆದಿರುವುದಿಲ್ಲವಲ್ಲ. ಇಳಿಜಾರಿನಲ್ಲಿ ತಲೆ ಕೆಳಗಾಗಿ ಬಿದ್ದಿದ್ದರೆ ಮೊದಲು ಹಿಂದಿನ ಚಕ್ರ ಎಳೆದು ಚಕ್ರಗಳು ಇಳಿಜಾರಿನ ಕಡೆ ಬರುವ ಹಾಗೆ ತಿರುಗಿಸು, ಆಮೇಲೆ ಎತ್ತು. ಮನೆ ಅಂಗಳದಲ್ಲಿ ಹಳೆ ಹಾಸಿಗೆ ಹಾಸಿ ಬೈಕ್ ಮಲಗಿಸಿ ಅಭ್ಯಾಸ ಮಾಡು. ಮೊದಲ ಸಲ ಪಕ್ಕದಲ್ಲಿ ಒಬ್ಬರು ಇರಲಿ.

ಶಕ್ತಿಗೆ 10 ಕಿಲೋ ಅಕ್ಕಿ ಚೀಲ ಎದೆಗೆ ಅವುಚಿಕೊಂಡು ಕೂತು ಏಳು. ಸಲೀಸಾದಾಗ 15, ಆಮೇಲೆ 20. ಕಾರವಾರದಲ್ಲಿ ಗುಡ್ಡಕ್ಕೇನು ಬರ, ಏರಿನಲ್ಲಿ ಹಿಮ್ಮುಖ ನಡೆ. ಎತ್ತುವಾಗ ದುಡಿಯುವುದು ಅದೇ ತೊಡೆ. ಒಳ್ಳೆಯ ಸ್ಪೋರ್ಟ್ಸ್ ಬ್ರಾ ಇಲ್ಲದೆ ಮಣ್ಣು ರಸ್ತೆಗೆ ಇಳಿಯಬೇಡ. ಯಾರೂ ಹೇಳುವುದಿಲ್ಲ, ಅದಕ್ಕೆ ನಾನು ಹೇಳುತ್ತಿದ್ದೇನೆ. ಹುಡುಗರು ಮತ್ತೆ ನಕ್ಕರೆ ಬೆಂಗಳೂರಿನ ಬೈಕ್ ರೇಸರ್ ಐಶ್ವರ್ಯಾ ಪಿಸ್ಸೆ 2019ರಲ್ಲಿ ಮಣ್ಣು, ಮರಳು ದಾರಿಯ ರೇಸಾದ ಎಫ್‌ಐಎಂ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದದ್ದನ್ನು ನೆನಪಿಸು.

ಪ್ರಶ್ನೆ: ಬೆಳಿಗ್ಗೆ ಬೀಚಿನಲ್ಲಿ ಓಡುತ್ತೇನೆ. ಬೈಕಿಗೆ ಇದು ಉಪಯೋಗವೇ? ಮರಳಲ್ಲಿ ಬೈಕನ್ನೂ ಓಡಿಸಿ ಕಲಿಯಬಹುದಾ? (ಓದುಗ, ಅಂಕೋಲಾ)

ಉತ್ತರ: ಓಟ ಉಪಯೋಗ. ಬೆಲ್ಜಿಯಂನವರು 1998ರಲ್ಲಿ ಅಳೆದು ನೋಡಿದಂತೆ, ಗಟ್ಟಿ ನೆಲಕ್ಕೆ ಹೋಲಿಸಿದರೆ ಮರಳಲ್ಲಿ ಓಡಲು 1.6 ಪಟ್ಟು ಶಕ್ತಿ ಬೇಕು. ನಡೆಯಲು ಇನ್ನೂ ಜಾಸ್ತಿ, 2.1ರಿಂದ 2.7 ಪಟ್ಟು. ಹಾಗಾಗಿ ಸಡಿಲ ಮರಳಿನಲ್ಲಿ ಬಿರುಸು ನಡಿಗೆಯೇ ಸಾಕಷ್ಟು ವ್ಯಾಯಾಮ. ಆದರೆ ಮೀನಖಂಡ ಮತ್ತು ಹಿಮ್ಮಡಿಯ ಸ್ನಾಯುರಜ್ಜಿಗೆ ಒಮ್ಮೆಲೇ ಹೊರೆ ಬೀಳುತ್ತದೆ. ವಾರಕ್ಕೆ ಎರಡು ದಿನ, ಇಪ್ಪತ್ತು ನಿಮಿಷದಿಂದ ಶುರು ಮಾಡು. ನೀರಂಚಿನ ಇಳಿಜಾರಲ್ಲಿ ಒಂದೇ ದಿಕ್ಕಿಗೆ ಓಡಬೇಡ, ಒಂದು ಕಾಲು ಸದಾ ತಗ್ಗಲ್ಲಿದ್ದರೆ ಸೊಂಟ ವಾಲುತ್ತದೆ. ಹೋದಷ್ಟೇ ದೂರ ವಾಪಸ್ ಬಾ.

ಬೈಕ್ ಬೇಡ. ಚಳಿಗಾಲದಲ್ಲಿ ನಮ್ಮ ಕರಾವಳಿಯ ಮರಳಿನಲ್ಲಿ ಕಡಲಾಮೆ ಮೊಟ್ಟೆ ಇಡುತ್ತದೆ. ಮೇಲಿನಿಂದ ನೋಡಿದರೆ ಗೂಡು ಗೊತ್ತೇ ಆಗುವುದಿಲ್ಲ. ಮೀನುಗಾರರ ಬಲೆ, ಹಗ್ಗ, ವಾಕಿಂಗ್ ಬಂದ ಅಜ್ಜ ಅಜ್ಜಿ, ಆಡುವ ಮಕ್ಕಳು ಬೇರೆ.

ಪ್ರಶ್ನೆ: ಮಾರ್ಚ್ ತಿಂಗಳಲ್ಲಿ ರೈಡಿಗೆ ಹೋದಾಗ ಮಧ್ಯಾಹ್ನದ ಹೊತ್ತಿಗೆ ತೊಡೆಯಲ್ಲಿ ಸೆಳೆತ ಬಂದು ತಲೆನೋವು ಶುರುವಾಗುತ್ತದೆ. ಎನರ್ಜಿ ಡ್ರಿಂಕ್ ಕುಡಿದರೂ ಇಳಿಯುವುದಿಲ್ಲ. (ಕಾಲೇಜು ವಿದ್ಯಾರ್ಥಿ, ಕುಮಟಾ)

ಉತ್ತರ: ಕುಮಟಾದ ಸೆಕೆಯಲ್ಲಿ ಗಾಳಿಯೇ ಒದ್ದೆ. ಬೆವರು ಸುರಿಯುತ್ತದೆ, ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಅದರ ಮೇಲೆ ನೀನು ಜಾಕೆಟ್, ಎದೆ ಕವಚ, ಮೊಣಕಾಲು ಗಾರ್ಡ್, ಹೆಲ್ಮೆಟ್ ಹಾಕಿರುತ್ತೀ. ಹಾಕಲೇಬೇಕು. ಹಾಗಾಗಿ ನೀರಿನ ಲೆಕ್ಕ ಬೇರೆಯವರಿಗಿಂತ ನಿನಗೆ ಹೆಚ್ಚು ಬೇಕು.

ಒಂದು ಸಲ ರೈಡಿಗೆ ಮೊದಲು ಮತ್ತು ಆದ ಮೇಲೆ ಒಂದೇ ಥರದ ಒಳಬಟ್ಟೆಯಲ್ಲಿ ತೂಕ ನೋಡು. ಒಂದು ಕಿಲೋ ಇಳಿದಿದೆ ಅಂದರೆ ಕುಡಿದದ್ದಕ್ಕಿಂತ ಸುಮಾರು ಒಂದು ಲೀಟರ್ ಹೆಚ್ಚು ಹೋಗಿದೆ. ಮೈತೂಕದ 2 ಪರ್ಸೆಂಟ್ ದಾಟಿದರೆ, ಅಂದರೆ 70 ಕಿಲೋದವನಿಗೆ 1.4 ಕಿಲೋ, ದಣಿವು ಬೇಗ ಬರುತ್ತದೆ, ಗಮನ ತಪ್ಪುತ್ತದೆ. ಬೈಕ್ ಬೀಳಿಸುವುದು ಈ ಗಮನ ತಪ್ಪಿದ ಗಳಿಗೆಯೇ. ಹಾಗಂತ ಬರೀ ನೀರನ್ನೇ ಚೊಂಬುಗಟ್ಟಲೆ ಹೊಯ್ದುಕೊಂಡರೂ ಮೈಯ ಉಪ್ಪು ತೆಳುವಾಗಿ ತೊಂದರೆ. ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚ ತಲೆಮಟ್ಟ. ಇಲ್ಲವೇ ಔಷಧಿ ಅಂಗಡಿಯ ಓಆರ್‌ಎಸ್ ಪೊಟ್ಟಣ. ಮುರುಗಲು ಪಾನಕಕ್ಕೆ ಉಪ್ಪು ಹಾಕಿ ಬಾಟಲಿಗೆ ತುಂಬಿಸಿಕೊಂಡರೆ ಕುಡಿಯಲೂ ರುಚಿ. ಹದಿನೈದು ಇಪ್ಪತ್ತು ನಿಮಿಷಕ್ಕೆ ನಾಲ್ಕು ಗುಟುಕು. ಬಾಯಾರಿಕೆ ಆಗಲಿ ಅಂತ ಕಾಯಬೇಡ.

ಎನರ್ಜಿ ಡ್ರಿಂಕಿನಲ್ಲಿ ಸಕ್ಕರೆ ಮತ್ತು ಕೆಫೀನ್. ಮೊದಲೇ ಡಬ ಡಬ ಅನ್ನುವ ಎದೆಯನ್ನು ಇನ್ನೂ ಓಡಿಸುತ್ತದೆ, ಬಿಡು. ಮಾವಿನಕಾಯಿಯ ಅಪ್ಪೆಹುಳಿ ಒಳ್ಳೆಯದೇ, ಆದರೆ ಅದನ್ನು ಕುಡಿದರೆ ಕಣ್ಣು ಎಳೆಯುತ್ತದೆ ಅಂತ ಘಟ್ಟದ ಮೇಲಿನವರೆಲ್ಲ ಹೇಳುತ್ತಾರೆ. ಬೈಕ್ ಒಳಗಿಟ್ಟ ಮೇಲೆ ಊಟಕ್ಕೆ ಸುರಿದುಕೋ.

ಜೊತೆಯವನು ಬಿಸಿಲಲ್ಲಿ ಏನೇನೋ ಮಾತಾಡಲು ಶುರು ಮಾಡಿದರೆ, ಮೈ ಸುಡುತ್ತಿದ್ದರೆ, ಅದು ತಮಾಷೆ ಅಲ್ಲ. ನೆರಳಿಗೆ ಎಳೆದು, ಜಾಕೆಟ್ ಬಿಚ್ಚಿ, ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಲೇ ಆಸ್ಪತ್ರೆಗೆ ಒಯ್ಯಬೇಕು.

ಪ್ರಶ್ನೆ: ಜನವರಿಯಲ್ಲಿ ಕಾಡಂಚಿನ ದಾರಿಯಲ್ಲಿ ರೈಡ್ ಮುಗಿಸಿ ಬಂದ ವಾರದಲ್ಲಿ ಜ್ವರ, ಮೈಕೈ ನೋವು. ಬೈಕ್ ಓಡಿಸಿದ ದಣಿವು ಅಂತ ಬ್ರೂಫೆನ್ ನುಂಗಿದೆ. ದಣಿವಿಗೆ ಜ್ವರ ಬರುತ್ತದೆಯೇ? (ಓದುಗ, ಸಿದ್ದಾಪುರ)

ಉತ್ತರ: ಬರುವುದಿಲ್ಲ. ದಣಿವಿನ ಮೈನೋವು ಒಂದೆರಡು ದಿನಕ್ಕೆ ಏರಿ ಮೂರ್ನಾಲ್ಕು ದಿನಕ್ಕೆ ಇಳಿಯುತ್ತದೆ, ಜ್ವರ ಇರುವುದಿಲ್ಲ. ಸಿದ್ದಾಪುರದವರಿಗೆ ನಾನು ಮಂಗನ ಕಾಯಿಲೆ ನೆನಪಿಸಬೇಕೇ? 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಕಾಯಿಲೆ, ನಿಮಗೆ ಪಕ್ಕದೂರು. ಇದನ್ನು ಹರಡುವ ಉಣುಗು (ಉಣ್ಣೆ ಹುಳ) ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಇದ್ದಕ್ಕಿದ್ದ ಹಾಗೆ ಜೋರು ಜ್ವರ, ತಲೆನೋವು, ಸಹಿಸಲಾಗದ ಮೈಕೈ ನೋವು. ಬೇಸಿಗೆ ಮುಗಿಯುವವರೆಗೂ ಇದರ ಕಾಲವೇ. ನಮ್ಮ ರೈಡಿನ ಕಾಲವೂ ಅದೇ.

ಜ್ವರ ಮತ್ತೆ ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದೆ ಅಂತ ನೀವಾಗಿ ಹೇಳಿ. ಬ್ರೂಫೆನ್, ಡಿಕ್ಲೊಫೆನಾಕ್ ಸ್ವಂತ ಬುದ್ಧಿಯಿಂದ ನುಂಗಬೇಡಿ, ರಕ್ತಸ್ರಾವದ ಅಪಾಯ ಇರುವ ಜ್ವರ ಇದು. ಹೊರಡುವ ಮೊದಲು ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿ, ಪ್ಯಾಂಟನ್ನು ಬೂಟಿನೊಳಗೆ ಸೇರಿಸಿ. ತರಗೆಲೆ ಮೇಲೆ ಕೂತು ಬುತ್ತಿ ಬಿಚ್ಚಬೇಡಿ. ಮನೆಗೆ ಬಂದವರೇ ಬಿಸಿನೀರು ಸ್ನಾನ ಮಾಡಿ, ಬಟ್ಟೆ ನೆನೆಹಾಕಿ. ಮಳೆಗಾಲದ ಉಂಬಳಕ್ಕೆ ಹೆದರುವವರು ಈ ಉಣುಗಿಗೆ ಹೆದರುವುದಿಲ್ಲ. ಉಂಬಳ ರಕ್ತ ಕುಡಿದು ತಾನೇ ಬಿದ್ದುಹೋಗುತ್ತದೆ ಅಷ್ಟೆ. ದಾರಿಯಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಇಲಾಖೆಯವರಿಗೆ ತಿಳಿಸಿ.

ಪ್ರಶ್ನೆ: ಎರಡು ಗಂಟೆ ಓಡಿಸಿದರೆ ಸೊಂಟ ಹಿಡಿಯುತ್ತದೆ. ಬೆಲ್ಟ್ ಕಟ್ಟಿಕೊಳ್ಳಲೇ? (ಓದುಗ, ಮುಂಡಗೋಡ)

ಉತ್ತರ: ಬೆಲ್ಟ್ ಕಟ್ಟಿದ ದಿನ ಹಿತ ಅನ್ನಿಸುತ್ತದೆ. ಆದರೆ ಸೊಂಟದ ಕೆಲಸವನ್ನು ದಿನಾ ಅದಕ್ಕೆ ಒಪ್ಪಿಸಬೇಡಿ. ಹೊಂಡದ ರಸ್ತೆಯಲ್ಲಿ ಕೂತೇ ಇದ್ದರೆ ಪ್ರತಿ ಹೊಂಡವೂ ಬೆನ್ನುಮೂಳೆಗೆ ಹೊಡೆಯುತ್ತದೆ. ಹೊಂಡ ಕಂಡಾಗ ಎದ್ದು ನಿಲ್ಲಿ, ಮೊಣಕಾಲು ಆ ಪೆಟ್ಟನ್ನು ನುಂಗಲಿ.

ಕೆನಡಾದ ಬೆನ್ನುಮೂಳೆ ತಜ್ಞ ಸ್ಟುವರ್ಟ್ ಮೆಕ್‌ಗಿಲ್ ಹೇಳುವ ಮೂರು ವ್ಯಾಯಾಮವನ್ನೇ ನಾನೂ ಕೊಡುತ್ತೇನೆ. ಒಂದು, ಅಂಗಾತ ಮಲಗಿ, ಒಂದು ಕಾಲು ಮಡಚಿ, ಅಂಗೈಗಳನ್ನು ಸೊಂಟದ ಕೆಳಗಿಟ್ಟು ತಲೆ ಮತ್ತು ಭುಜ ಮಾತ್ರ ಸ್ವಲ್ಪ ಎತ್ತುವುದು. ಎರಡು, ಮಗ್ಗುಲಾಗಿ ಮೊಣಕೈ ಊರಿ ಸೊಂಟ ಎತ್ತಿ ಹಿಡಿಯುವುದು. ಮೂರು, ಅಂಬೆಗಾಲಿನಲ್ಲಿ ನಿಂತು ಎದುರುಬದುರು ಕೈ ಮತ್ತು ಕಾಲು ಚಾಚುವುದು. ಪ್ರತಿಯೊಂದೂ ಹತ್ತು ಸೆಕೆಂಡು ಹಿಡಿದು ಬಿಡಬೇಕು. ಇಡೀ ಸಂಗತಿ ಹತ್ತು ನಿಮಿಷ. ನೋವು ಕಾಲಿಗೆ ಇಳಿದರೆ, ಪಾದ ಜೋಮು ಹಿಡಿದರೆ ವ್ಯಾಯಾಮ ಬಿಟ್ಟು ತೋರಿಸಿಕೊಳ್ಳಿ. ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆ.

ಪ್ರಶ್ನೆ: ಬೈಕಿನವರಿಗೆ ಪ್ರೋಟೀನ್ ಪುಡಿ ಬೇಕಾ? (ಓದುಗ, ದಾಂಡೇಲಿ)

ಉತ್ತರ: ಬೇಡ. ಮೊಟ್ಟೆ, ಬಾಂಗಡೆ, ಕಡಲೆ, ಹೆಸರುಕಾಳು, ಮಜ್ಜಿಗೆ. ಉಳಿದ ದುಡ್ಡಿಗೆ ಒಳ್ಳೆಯ ಬೂಟು ತಗೊ.

ಪ್ರಶ್ನೆ: ಬಿದ್ದು ಕೊರಳೆಲುಬು (ಕಾಲರ್‌ಬೋನ್) ಮುರಿದು ಆರು ವಾರ ಆಯಿತು. ನೋವಿಲ್ಲ. ಮುಂದಿನ ವಾರ ಗೆಳೆಯರ ಜೊತೆ ಹೊರಡಬಹುದೇ? (ಓದುಗ, ಹಳಿಯಾಳ)

ಉತ್ತರ: ನೋವಿಲ್ಲ ಅಂದ ಮಾತ್ರಕ್ಕೆ ಎಲುಬು ಕೂಡಿದೆ ಅಂತಲ್ಲ. ಎಕ್ಸ್‌ರೇ ನೋಡಿ ಮೂಳೆ ಡಾಕ್ಟರು ಕೂಡಿದೆ ಅನ್ನಬೇಕು. ದೊಡ್ಡವರಲ್ಲಿ ಆರರಿಂದ ಹನ್ನೆರಡು ವಾರ ಹಿಡಿಯುವುದು ಸಾಮಾನ್ಯ. ಅವರು ಹೂಂ ಅಂದ ಮೇಲೂ ಭುಜದ ಕೆಲಸ ಬಾಕಿ. ಕೈ ಎರಡೂ ಕಡೆ ಸಮವಾಗಿ ಕಿವಿವರೆಗೆ ಏಳಬೇಕು, ಗೋಡೆಗೆ ಪುಷ್‌ಅಪ್, ಆಮೇಲೆ ನೆಲಕ್ಕೆ ಪುಷ್‌ಅಪ್ ನೋವಿಲ್ಲದೆ ಬರಬೇಕು. ಅಲ್ಲಿವರೆಗೆ ಹೊಂಡದ ರಸ್ತೆ ಬೇಡ. ಗೆಳೆಯರು ಮುಂದಿನ ತಿಂಗಳೂ ಹೋಗುತ್ತಾರೆ.

ಪ್ರಶ್ನೆ: ನನ್ನ ಮಗನಿಗೆ ಈ ಮಣ್ಣು ರಸ್ತೆ ಬೈಕಿನ ಹುಚ್ಚು. ಹೋದ ತಿಂಗಳು ಬಿದ್ದು ಬಂದ. ಆ ರಾತ್ರಿ ಎರಡು ಸಲ ವಾಂತಿ ಮಾಡಿದ, ಏನಿಲ್ಲ ಅಮ್ಮ ಅಂದ. ಬೆಳಿಗ್ಗೆ ಮತ್ತೆ ಹೊರಟ. ಬಿಡಿಸುವುದು ಹೇಗೆ? (ಒಬ್ಬ ತಾಯಿ, ಹೊನ್ನಾವರ)

ಉತ್ತರ: ಅಮ್ಮಾ, ಹುಚ್ಚು ಬಿಡಿಸಲು ನನ್ನಿಂದ ಆಗದು, ನನ್ನದೇ ಬಿಟ್ಟಿಲ್ಲ. ಆದರೆ ಆ ರಾತ್ರಿಯ ವಾಂತಿ ಸಣ್ಣ ವಿಷಯ ಅಲ್ಲ. ತಲೆಗೆ ಪೆಟ್ಟು ಬಿದ್ದ ಮೇಲೆ ಮತ್ತೆ ಮತ್ತೆ ವಾಂತಿ, ಏರುವ ತಲೆನೋವು, ಎಬ್ಬಿಸಿದರೆ ಏಳದಷ್ಟು ಮಂಪರು, ಮಾತು ತೊದಲುವುದು, ಬಿದ್ದದ್ದೇ ನೆನಪಿಲ್ಲದಿರುವುದು, ಇವುಗಳಲ್ಲಿ ಒಂದು ಕಂಡರೂ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಏನಿಲ್ಲ ಅನ್ನುವುದನ್ನು ಅವನಿಂದ ಕೇಳಬೇಡಿ, ತಲೆಗೆ ಪೆಟ್ಟಾದವನ ತೀರ್ಮಾನವೇ ಆಗ ಸರಿ ಇರುವುದಿಲ್ಲ. ಈಗಲೂ ಒಮ್ಮೆ ಡಾಕ್ಟರಿಗೆ ತೋರಿಸಿ. ತಲೆನೋವು, ತಲೆಸುತ್ತು ಪೂರ್ತಿ ಹೋಗಿ ಅವರು ಒಪ್ಪುವವರೆಗೆ ಬೈಕ್ ಮುಟ್ಟುವಂತಿಲ್ಲ. ಮೊದಲ ಪೆಟ್ಟು ಮಾಯುವ ಮೊದಲೇ ಎರಡನೆಯದು ಬಿದ್ದರೆ ಮಿದುಳಿಗೆ ದೊಡ್ಡ ಹಾನಿಯಾಗಬಹುದು.

ಬೆಂಗಳೂರಿನ ಬೈಕ್ ಸವಾರ ಸಿ.ಎಸ್. ಸಂತೋಷ್ 2015ರಲ್ಲಿ ಮರುಭೂಮಿಯಲ್ಲಿ ಸಾಗುವ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ. 2021ರ ಡಕಾರ್‌ನಲ್ಲಿ ಬಿದ್ದು ತಲೆಗೆ ಪೆಟ್ಟಾಗಿ ಅವರನ್ನು ಔಷಧಿ ಕೊಟ್ಟು ಕೋಮಾದಲ್ಲಿ ಇಡಬೇಕಾಯಿತು. ಅಷ್ಟು ಪಳಗಿದವರಿಗೂ ಆಗಿದ್ದು ಅದು. ಇದನ್ನು ಮಗನಿಗೆ ಹೇಳಿ, ನಿಮ್ಮ ಮಾತಿಗಿಂತ ಸಂತೋಷ್ ಹೆಸರನ್ನು ಅವನು ಕಿವಿಗೊಟ್ಟು ಕೇಳಬಹುದು.

ಬಿದ್ದಾಗ ಹಾಕಿದ್ದ ಹೆಲ್ಮೆಟ್ ಎಲ್ಲಿದೆ ನೋಡಿ. ಹೊರಗೆ ಗೀರು ಮಾತ್ರ ಕಂಡರೂ ಒಳಗಿನ ಥರ್ಮಾಕೋಲ್ ಒಮ್ಮೆ ಅಮುಕಿದರೆ ಮತ್ತೆ ಏಳುವುದಿಲ್ಲ, ಎರಡನೇ ಸಲ ತಲೆ ಉಳಿಸುವುದಿಲ್ಲ. ಅದನ್ನು ಸುತ್ತಿಗೆಯಲ್ಲಿ ಒಡೆದು ಎಸೆಯಿರಿ, ಇಲ್ಲದಿದ್ದರೆ ಅವನು ಮತ್ತೆ ತಗೊಂಡು ಹೋಗುತ್ತಾನೆ. ಹೊಸದಕ್ಕೆ ಐಎಸ್ಐ ಗುರುತು ಇರಲಿ. ಗಲ್ಲದ ಪಟ್ಟಿ ಹಾಕಿ ಹೆಲ್ಮೆಟ್ಟನ್ನು ಹಿಂದಿನಿಂದ ಮುಂದಕ್ಕೆ ತಳ್ಳಿ ನೋಡಿ. ತಲೆಯಿಂದ ಕಳಚಿ ಬರುವಂತಿದ್ದರೆ ಅಳತೆ ದೊಡ್ಡದು, ಅಂಗಡಿಯಲ್ಲೇ ಬದಲಿಸಿ.